ಕ್ಯಾನನ್ ಪಿ: ಕನ್ನಡಕದವರು ಎರಡು ಸಲ ಯೋಚಿಸಿ

ಈ ಕ್ಯಾಮೆರಾದ ಗಮ್ಮತ್ತೆಲ್ಲ ಇರುವುದು ವ್ಯೂಫೈಂಡರಿನಲ್ಲಿ, ಅಂದರೆ ಕಣ್ಣಿಟ್ಟು ನೋಡುವ ಕಿಟಕಿಯಲ್ಲಿ. 1959ರಲ್ಲಿ ಬಂದ ಫಿಲ್ಮ್ ಕ್ಯಾಮೆರಾ ಕ್ಯಾನನ್ ಪಿಯ ಕಿಟಕಿಯಲ್ಲಿ ದೃಶ್ಯ ಕುಗ್ಗುವುದಿಲ್ಲ, ಬರಿಗಣ್ಣಿಗೆ ಎಷ್ಟೋ ಅಷ್ಟೇ. ಇದೇ ಬಗೆಯ ದುಬಾರಿ ಜರ್ಮನ್ ಕ್ಯಾಮೆರಾ ಲೈಕಾದ ಮಾಮೂಲಿ ಎಂ6ನಲ್ಲಿ ಅದು 0.72 ಪಟ್ಟಿಗೆ ಇಳಿಯುತ್ತದೆ. ಹಾಗಾಗಿ ಇಲ್ಲಿ ಎಡಗಣ್ಣು ಮುಚ್ಚುವ ಗೊಡವೆಯೇ ಇಲ್ಲ. ಎರಡೂ ಕಣ್ಣು ತೆರೆದಿದ್ದರೆ ಬೀದಿಯ ಮೇಲೆ ಬಿಳಿ ಚೌಕಟ್ಟೊಂದು ತೇಲಿದಂತಿರುತ್ತದೆ. ಸೈಕಲ್ ಚೌಕಟ್ಟಿನೊಳಗೆ ಬರುವ ಮೊದಲೇ ಎಡಗಣ್ಣು ಅದನ್ನು ಹಿಡಿದಿರುತ್ತದೆ. 50 ಮಿ.ಮೀ. ಲೆನ್ಸೊಂದೇ ಸಾಕು ಎನ್ನುವವರು ಲೈಕಾಕ್ಕೆ ದುಡ್ಡು ಸುರಿಯಬೇಕಾಗಿಲ್ಲ.

ತೊಡಕು ಶುರುವಾಗುವುದು 35 ಮಿ.ಮೀ. ಲೆನ್ಸಿನಲ್ಲಿ. 35, 50, 100 ಮಿ.ಮೀ. ಲೆನ್ಸುಗಳ ಚೌಕಟ್ಟಿನ ಗೆರೆಗಳು ಮೂರೂ ಸದಾ ಒಟ್ಟಿಗೇ ಕಾಣುತ್ತಿರುತ್ತವೆ. ಅದು ನಾಲ್ಕು ದಿನಕ್ಕೆ ಅಭ್ಯಾಸವಾಗುತ್ತದೆ. ಆದರೆ 35ರ ಗೆರೆ ಕಿಟಕಿಯ ಅಂಚಿಗೇ ಅಂಟಿಕೊಂಡಿದೆ. ಕಣ್ಣನ್ನು ಒತ್ತಿ ಹಿಡಿದರೂ ನಾಲ್ಕು ಮೂಲೆ ಒಟ್ಟಿಗೆ ಸಿಗುವುದು ಕಷ್ಟ, ಕನ್ನಡಕ ಇದ್ದರೆ ಆ ಮಾತೇ ಇಲ್ಲ. ಸಾಲದ್ದಕ್ಕೆ ಐಪೀಸಿನ ಲೋಹದ ಬಳೆ ಕನ್ನಡಕಕ್ಕೆ ಗೀರು ಹಾಕುತ್ತದೆ. ತೆಳು ರಬ್ಬರ್ ರಿಂಗೊಂದನ್ನು ಅಂಟಿಸದೆ ಕನ್ನಡಕದವರು ಇದನ್ನು ಮುಟ್ಟಲೇಬಾರದು.

35 ಬೇಕೇ ಬೇಕೆಂದರೆ ಕ್ಯಾಮೆರಾದ ತಲೆಯ ಮೇಲೆ ಫ್ಲಾಷ್ ಸಿಕ್ಕಿಸುವ ಶೂಗೆ ಬೇರೆಯೇ ವ್ಯೂಫೈಂಡರ್ ಸಿಕ್ಕಿಸಿ. ಒಂದು ಕಿಟಕಿಯಲ್ಲಿ ಫೋಕಸ್ ಮಾಡಿ ಇನ್ನೊಂದರಲ್ಲಿ ಚೌಕಟ್ಟು ನೋಡುವಷ್ಟರಲ್ಲಿ ಎದುರಿಗಿದ್ದವರು ಹೊರಟುಹೋಗಿರುತ್ತಾರೆ. ಅದಕ್ಕೆ ಹಗಲಲ್ಲಿ ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಬಿಡುವ ಕಂಡಿ) ಎಫ್ 8ಕ್ಕೆ ಇಟ್ಟು, ದೂರದ ಉಂಗುರವನ್ನು 5 ಮೀಟರಿಗೆ ತಿರುಗಿಸಿ ಮರೆತುಬಿಡುವುದೇ ವಾಸಿ. ಸುಮಾರು ಎರಡೂವರೆ ಮೀಟರಿನಿಂದ ಆಚೆಗೆಲ್ಲ ಸಾಕಷ್ಟು ಚೂಪಾಗಿ ಬರುತ್ತದೆ. ಆದರೆ ಯಾವ ಕಿಟಕಿಗೆ ಮನಸೋತು ಇದನ್ನು ಕೊಂಡಿರೋ ಆ ಕಿಟಕಿಗೆ ಕೆಲಸವೇ ಇಲ್ಲದಂತಾಗುತ್ತದೆ!

ಆದ್ದರಿಂದ ಮೊದಲು 50ರ ಲೆನ್ಸಿಗೇ ದುಡ್ಡು ಹಾಕಿ. ಅಗ್ಗವಾಗಿ ಸಿಗುವುದು ಕ್ಯಾನನ್ನಿನ ಎಫ್ 1.8. ಅದರ ರೋಗ ಹಳೆಯ ಕ್ಯಾಮೆರಾದವರಿಗೆಲ್ಲ ಗೊತ್ತು: ಅಪರ್ಚರ್ ಎಲೆಗಳ ಹಿಂದಿನ ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಒಳಗಿನ ಗ್ರೀಸಿನ ಆವಿ ಕೂತು ಗಾಜಿನ ಮೈಯನ್ನೇ ತಿಂದಿದ್ದರೆ ಎಷ್ಟು ಒರೆಸಿದರೂ ಹೋಗುವುದಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರೆ ಇದು ಕಾಣುವುದಿಲ್ಲ. ಅಪರ್ಚರ್ ಪೂರ್ತಿ ತೆರೆದು, ಕತ್ತಲೆ ಕೋಣೆಯಲ್ಲಿ ಹಿಂಬದಿಯಿಂದ ಓರೆಯಾಗಿ ಟಾರ್ಚ್ ಬಿಡಿ. ಹಾಲು ಚೆಲ್ಲಿದ ಹಾಗೆ ಕಂಡರೆ ವಾಪಸ್ ಕೊಟ್ಟುಬಿಡಿ. ಮಾರುವವರು ‘ಸ್ವಲ್ಪ ಧೂಳು’ ಎನ್ನುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಎಫ್ 1.4ರಲ್ಲಿ ಈ ಕಾಟ ಕಡಿಮೆ, ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಎಫ್ 1.4ರಲ್ಲಿ ಒಂದು ಮೀಟರ್ ದೂರಕ್ಕೆ ಚೂಪಾಗಿರುವುದು ಹೆಚ್ಚುಕಡಿಮೆ ಮೂರು ಸೆಂ.ಮೀ. ಮಾತ್ರ, ರೇಂಜ್‌ಫೈಂಡರ್ (ದೂರ ಅಳೆದು ಫೋಕಸ್ ಹಿಡಿಸುವ ಭಾಗ) ಸರಿಯಿರದಿದ್ದರೆ ಕಣ್ಣಿಗೆಂದು ಹಿಡಿದ ಫೋಕಸ್ ಕಿವಿಗೆ ಬೀಳುತ್ತದೆ. ಸೋವಿಯತ್ ಜುಪಿಟರ್-8 ಅಗ್ಗ, ತಿರುಪೂ ಕೂರುತ್ತದೆ. ಆದರೆ ಅದರ ಫೋಕಸ್ ಲೆಕ್ಕ ಲೈಕಾ ಅಳತೆಯದಲ್ಲ, ಹತ್ತಿರದ ಮುಖಗಳು ಕೈಕೊಡುತ್ತವೆ.

ಎರಡನೆಯದಾಗಿ 100 ಎಫ್ 3.5. ಹಗುರ, ಸಣ್ಣದು, ಗೆರೆಯೂ ಕಿಟಕಿಯಲ್ಲೇ ಇದೆ. ಇದಕ್ಕೆ ಕೂರುವ ಎಂ39 (39 ಮಿ.ಮೀ. ಅಗಲದ) ತಿರುಪಿನ ಲೆನ್ಸುಗಳನ್ನು ಅಡಾಪ್ಟರ್ ಹಾಕಿ ಮುಂದೆ ಲೈಕಾ ಎಂಗೂ ಬಳಸಬಹುದು. ಲೈಕಾ ಎಂ ಲೆನ್ಸ್ ಮಾತ್ರ ಕ್ಯಾನನ್ ಪಿಗೆ ಕೂರುವುದಿಲ್ಲ.

ಬಾಡಿ ಕೊಳ್ಳುವಾಗ ಶಟರ್ ಪರದೆ ಸುಕ್ಕುಗಟ್ಟಿದೆಯೆಂದು ಗಾಬರಿಯಾಗಬೇಡಿ. ಅದು ತೆಳು ಸ್ಟೀಲ್ ಹಾಳೆ, ಬೆರಳು ತಾಗಿದರೆ ಮಡಚಿಕೊಳ್ಳುತ್ತದೆ. ಫೋಟೋಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಬಟ್ಟೆ ಪರದೆಯನ್ನು ಬಿಸಿಲು ಲೆನ್ಸಿನ ಮೂಲಕ ಸುಟ್ಟುಬಿಡುವಂತೆ ಇದನ್ನು ಸುಡಲಾರದು. ನೋಡಬೇಕಾದ್ದು ನಿಧಾನದ ವೇಗಗಳನ್ನು. ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ಸ್ಲೋಮೋಷನ್ ಇಟ್ಟು, ಹಿಂಬಾಗಿಲು ತೆರೆದು ಚಿತ್ರಿಸಿ: 1/8 ಸೆಕೆಂಡಿಗೆ 30 ಫ್ರೇಮ್, 1/30 ಸೆಕೆಂಡಿಗೆ 8 ಫ್ರೇಮ್ ಬೆಳಕು ಕಾಣಬೇಕು. ಒಂದು ಸೆಕೆಂಡಿಗೆ ಇಟ್ಟಾಗ ಜುಯ್ ಎನ್ನುವ ಸದ್ದು ನಡುವೆ ನಿಂತರೆ ಎಣ್ಣೆ ಗಟ್ಟಿಯಾಗಿದೆ, ಸರ್ವಿಸಿನ ಖರ್ಚು ಬೆಲೆಗೆ ಸೇರಿಸಿಕೊಳ್ಳಿ.

ಫಿಲ್ಮ್ ಹಾಕುವುದು ಮಾತ್ರ ದಿನಾ ಮಾಡಿದರೂ ಬೇಸರ ಬಾರದ ಕೆಲಸ. ಹಿಂಬಾಗಿಲು ಪೂರ್ತಿ ತೆರೆದುಕೊಳ್ಳುತ್ತದೆ, ಹಳೆಯ ಲೈಕಾಗಳಂತೆ ತಳದಿಂದ ತುರುಕುವ ಸರ್ಕಸ್ ಇಲ್ಲ. ನಾಲಿಗೆಯನ್ನು ಸ್ಪೂಲಿನ ಸೀಳಿಗೆ ಸೇರಿಸಿ, ಹಲ್ಲುಗಳು ತೂತಿಗೆ ಕೂತದ್ದನ್ನು ನೋಡಿ, ಹೆಬ್ಬೆರಳನ್ನು ಪರದೆಯಿಂದ ದೂರವಿಟ್ಟು ಮುಚ್ಚಿ. ರಿವೈಂಡ್ ಹಿಡಿಯನ್ನು ಬಾಣದ ಕಡೆಗೆ ಮೆಲ್ಲಗೆ ತಿರುಗಿಸಿ ಸಡಿಲ ತೆಗೆಯಿರಿ. ಆಮೇಲೆ ಲಿವರ್ ಎಳೆದಾಗಲೆಲ್ಲ ಆ ಹಿಡಿ ತಾನೂ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಓಡುತ್ತಿಲ್ಲ, 36 ಫೋಟೋ ತೆಗೆದೆವೆಂಬ ಭ್ರಮೆಯಷ್ಟೇ ಉಳಿಯುತ್ತದೆ.

ಬೆಳಕು ಅಳೆಯುವ ಮೀಟರ್ ಇಲ್ಲ. ಐಎಸ್‌ಒ 400ರ ಫಿಲ್ಮಿಗೆ ಚುರುಕು ಬಿಸಿಲಲ್ಲಿ 1/500, ಎಫ್ 16; ನೆರಳಿಗೆ ನಾಲ್ಕು ಸ್ಟಾಪ್ (ಒಂದೊಂದಕ್ಕೂ ಬೆಳಕು ಇಮ್ಮಡಿ) ತೆರೆದರೆ ನೆಗೆಟಿವ್ ಫಿಲ್ಮ್ ತಾನೇ ಸುಧಾರಿಸಿಕೊಳ್ಳುತ್ತದೆ.

ಕರಾವಳಿ, ಮಲೆನಾಡಿನವರು ಕ್ಯಾಮೆರಾ ಜೊತೆ ಬರುವ ಚಂದದ ಚರ್ಮದ ಕೇಸನ್ನು ಷೋಕೇಸಿಗೆ ಇಡಿ. ಮಳೆಗಾಲದಲ್ಲಿ ಅದು ಪಸೆ ಹೀರಿ ಲೆನ್ಸಿಗೆ ಬೂಷ್ಟು ಹಿಡಿಸುತ್ತದೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ನೀಲಿ ಕಾಳು ಗುಲಾಬಿಯಾದರೆ 120 ಡಿಗ್ರಿ ಓವನ್ನಿನಲ್ಲಿ ಎರಡು ಗಂಟೆ ಒಣಗಿಸಿ, ಆರಿದ ಮೇಲೆ ಮತ್ತೆ ಡಬ್ಬಿಗೆ ಹಾಕಿ.