ಕೊಳ್ಳುವ ಮುನ್ನ ಕೊನೆಯ ಅಕ್ಷರ ಓದಿ: ‘ಬ್ಲ್ಯಾಕ್ ಸಿಕ್ಸ್’ ಇಲಿಯ ವಿಮರ್ಶೆ

ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್ ಎಂಬ ಕಡಲತಡಿಯ ಊರಿನಲ್ಲಿರುವ ಜಾಕ್ಸನ್ ಪ್ರಯೋಗಾಲಯದ ಕ್ಯಾಟಲಾಗಿನಲ್ಲಿ 000664 ಎಂಬ ಸಂಖ್ಯೆಯಡಿ ಸಿಗುವ ಸರಕು ಒಂದು ಕಪ್ಪು ಇಲಿ. ಕಾಗದದ ಮೇಲೆ ಅದರ ಹೆಸರು ಸಿ57ಬಿಎಲ್/6ಜೆ. ಪ್ರಾಣಿಗೃಹದಲ್ಲಿ ದುಡಿಯುವವರ ಬಾಯಲ್ಲಿ ಮಾತ್ರ ಅದು ಬರೀ ‘ಬ್ಲ್ಯಾಕ್ ಸಿಕ್ಸ್’. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಬೊಜ್ಜಿಗೂ ಕ್ಯಾನ್ಸರ್ ಗೆಡ್ಡೆಯ ಬೆಳವಣಿಗೆಗೂ ಇರುವ ನಂಟನ್ನು ಹುಡುಕುವ ಕೆಲಸದಲ್ಲಿ ನಾನು ಹನ್ನೊಂದು ವರ್ಷಗಳಿಂದ ಈ ಇಲಿಯನ್ನು ಬಳಸುತ್ತಿದ್ದೇನೆ. ಮಿಕ್ಸಿಯನ್ನೋ ಮೊಬೈಲನ್ನೋ ವಿಮರ್ಶಿಸಿದಂತೆ ಜೀವವಿರುವ ಪ್ರಾಣಿಯೊಂದನ್ನು ವಿಮರ್ಶಿಸುವುದು ಸರಿಯೇ ಎಂಬ ಅಳುಕು ನನಗಿದೆ. ಆದರೂ ಹಣ ಕೊಟ್ಟು, ಸಮಿತಿಗಳ ಒಪ್ಪಿಗೆ ಪಡೆದು, ಜೀವಕ್ಕೆ ನೋವು ಕೊಡುವ ಹೊಣೆಯನ್ನೂ ಹೊತ್ತು ಕೊಳ್ಳುವ ವಸ್ತುವಿನ ಗುಣದೋಷಗಳನ್ನು ಸಂಶೋಧನೆಗೆ ಕಾಲಿಡುವ ನಮ್ಮ ಹುಡುಗ ಹುಡುಗಿಯರಿಗೆ ಮೊದಲೇ ತಿಳಿಸದಿರುವುದು ಅದಕ್ಕಿಂತ ದೊಡ್ಡ ತಪ್ಪೆಂದು ತೋರುತ್ತದೆ.

ಮೊದಲು ಹುಟ್ಟಿನ ಕಥೆ. ಮ್ಯಾಸಚೂಸೆಟ್ಸ್‌ನ ಗ್ರ್ಯಾನ್‌ಬಿ ಎಂಬಲ್ಲಿ ಅಬ್ಬಿ ಲೇಥ್ರಪ್ ಎಂಬ ನಿವೃತ್ತ ಶಾಲಾ ಶಿಕ್ಷಕಿ ಶೋಕಿಗೆ ಸಾಕುವ ಬಣ್ಣಬಣ್ಣದ ಇಲಿಗಳನ್ನು ತಳಿಮಾಡಿ ಮಾರುತ್ತಿದ್ದರು; ತಮ್ಮ ಇಲಿಗಳಲ್ಲಿ ಕಾಣಿಸಿಕೊಂಡ ಸ್ತನದ ಗೆಡ್ಡೆಗಳ ಬಗ್ಗೆ ರೋಗಶಾಸ್ತ್ರಜ್ಞ ಲಿಯೋ ಲೋಬ್ ಅವರೊಡನೆ ಕೂಡಿ ಪ್ರಬಂಧಗಳನ್ನೂ ಬರೆದರು. ಅವರ ಬಳಗದಿಂದ ಬಂದ 57ನೆಯ ಸಂಖ್ಯೆಯ ಹೆಣ್ಣಿಲಿಯ ಸಂತಾನದಿಂದ ತಳಿವಿಜ್ಞಾನಿ ಕ್ಲಾರೆನ್ಸ್ ಕುಕ್ ಲಿಟ್ಲ್ 1921ರಲ್ಲಿ ಈ ಕಪ್ಪು ತಳಿಯನ್ನು ಕಟ್ಟಿದರು. ಹೆಸರಿನಲ್ಲಿರುವ 57 ಆ ಹೆಣ್ಣಿಲಿಯ ಗುರುತು. ಅದೇ ಲಿಟ್ಲ್ 1929ರಲ್ಲಿ ಜಾಕ್ಸನ್ ಪ್ರಯೋಗಾಲಯವನ್ನು ಸ್ಥಾಪಿಸಿದರು. 1947ರ ಕಾಡ್ಗಿಚ್ಚಿನಲ್ಲಿ ಆ ಸಂಸ್ಥೆಯ ಸುಮಾರು 90,000 ಇಲಿಗಳು ಸುಟ್ಟುಹೋದವು. ಹಿಂದೆ ಇಲ್ಲಿಂದ ಇಲಿಗಳನ್ನು ಕೊಂಡಿದ್ದ ಪ್ರಯೋಗಾಲಯಗಳು ಅವುಗಳ ಮರಿಮಕ್ಕಳನ್ನು ವಾಪಸ್ ಕಳುಹಿಸಿಕೊಟ್ಟದ್ದರಿಂದ ತಳಿಗಳು ಮತ್ತೆ ಕುದುರಿಕೊಂಡವು. ಮಾರಿದ ಸರಕೇ ಅಂಗಡಿಯನ್ನು ಉಳಿಸಿದ ಇಂಥ ಇನ್ನೊಂದು ಪ್ರಸಂಗವನ್ನು ನಾನು ಕೇಳಿಲ್ಲ.

ಈ ಇಲಿಯ ಬೆಲೆಯೆಲ್ಲ ಅದರ ಏಕರೂಪದಲ್ಲಿದೆ. ಕನಿಷ್ಠ 20 ತಲೆಮಾರು ಅಣ್ಣತಂಗಿಯರನ್ನೇ ಕೂಡಿಸುತ್ತ ಹೋದರೆ ತಳಿಯೊಳಗಿನ ಆನುವಂಶಿಕ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗುತ್ತದೆ, ಎರಡು ಇಲಿಗಳ ನಡುವೆ ತದ್ರೂಪಿ ಅವಳಿಗಳಷ್ಟು ಹೋಲಿಕೆ ಬರುತ್ತದೆ. ಹಾಗಾಗಿ ಒಂದೇ ಲಿಂಗದ ಎರಡು ಇಲಿಗಳಲ್ಲಿ ಒಂದರ ಚರ್ಮವನ್ನು ಇನ್ನೊಂದಕ್ಕೆ ಕಸಿ ಮಾಡಿದರೂ ದೇಹ ತಿರಸ್ಕರಿಸುವುದಿಲ್ಲ. ಕಸಿ ನಿಲ್ಲುವುದನ್ನೂ ಬೀಳುವುದನ್ನೂ ನಿರ್ಧರಿಸುವ ಜೀನ್‌ಗಳನ್ನು ಇಂಥ ತಳಿಗಳಲ್ಲೇ ಗುರುತಿಸಿದ ಜಾಕ್ಸನ್ ಪ್ರಯೋಗಾಲಯದ ಜಾರ್ಜ್ ಸ್ನೆಲ್ 1980ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಕ್ಯಾನ್ಸರ್ ಸಂಶೋಧಕನಿಗೆ ಇದರಿಂದಾಗುವ ಉಪಕಾರ ದೊಡ್ಡದು. 1951ರ ಲೂಯಿಸ್ ಶ್ವಾಸಕೋಶದ ಗೆಡ್ಡೆ, 1954ರ ಬಿ16 ಮೆಲನೋಮ ಎಂಬ ಚರ್ಮದ ಕ್ಯಾನ್ಸರ್, ಕರುಳಿನ ಎಂಸಿ38, ಇವೆಲ್ಲ ಈ ಕಪ್ಪು ಇಲಿಗಳಲ್ಲೇ ಹುಟ್ಟಿದ ಕ್ಯಾನ್ಸರ್‌ಗಳಾದ್ದರಿಂದ, ರೋಗನಿರೋಧಕ ವ್ಯವಸ್ಥೆಯನ್ನು ಕುಂದಿಸದೆಯೇ ಇವನ್ನು ಯಾವುದೇ ಬ್ಲ್ಯಾಕ್ ಸಿಕ್ಸ್ ಇಲಿಗೆ ಚುಚ್ಚಿ ಬೆಳೆಸಬಹುದು.

ಬಿ16 ಕೋಶಗಳನ್ನು ಬಾಲದ ರಕ್ತನಾಳಕ್ಕೆ ಚುಚ್ಚಿ ಎರಡು ಮೂರು ವಾರ ಕಾದು ಶ್ವಾಸಕೋಶವನ್ನು ಹೊರತೆಗೆದು ನೋಡಿದರೆ, ನಸುಗುಲಾಬಿ ಬಣ್ಣದ ಮೃದುವಾದ ಹಾಳೆಯ ಮೇಲೆ ಕಾಡಿಗೆಯ ಚುಕ್ಕಿಗಳನ್ನಿಟ್ಟಂತೆ ಗೆಡ್ಡೆಗಳು ಕಾಣುತ್ತವೆ. ಆ ಕೋಶಗಳು ತಾವೇ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯವನ್ನು ತಯಾರಿಸುವುದರಿಂದ ಬಣ್ಣ ಹಚ್ಚುವ ಅಗತ್ಯವಿಲ್ಲ, ಭೂತಗನ್ನಡಿ ಹಿಡಿದು ಎಣಿಸಿದರೆ ಸಾಕು. ನನ್ನ ಮೊದಲ ಎಣಿಕೆಯಲ್ಲಿ ಒಂದು ಶ್ವಾಸಕೋಶದಲ್ಲಿ ನೂರಕ್ಕೂ ಹೆಚ್ಚು ಚುಕ್ಕಿಗಳಿದ್ದವು. ಔಷಧ ಕೊಟ್ಟ ಇಲಿಯ ಶ್ವಾಸಕೋಶದಲ್ಲಿ ಹದಿನೇಳು. ಆ ದಿನದ ಸಂಭ್ರಮ ಇವತ್ತಿಗೂ ನೆನಪಿದೆ, ಆ ಔಷಧ ಮುಂದೆ ಎಲ್ಲಿಗೂ ಹೋಗಲಿಲ್ಲ ಎಂಬುದೂ ನೆನಪಿದೆ.

ನಿತ್ಯದ ಬಳಕೆಯಲ್ಲಿ ಈ ಇಲಿ ಸಾಧುವೇನಲ್ಲ. ಬಿಳಿ ಇಲಿಗಳನ್ನು ಹಿಡಿದು ಅಭ್ಯಾಸವಾದವರಿಗೆ ಇದರ ಚುರುಕು ತುಸು ಹೆಚ್ಚೆನಿಸುತ್ತದೆ. ಕೇಜಿನ ಮುಚ್ಚಳ ತೆಗೆದೊಡನೆ ಜಿಗಿಯುತ್ತದೆ, ಕಚ್ಚುವುದೂ ಉಂಟು. ಬಾಲ ಹಿಡಿದು ಎತ್ತುವ ಹಳೆಯ ಪದ್ಧತಿಯನ್ನು ಬಿಟ್ಟು ಪ್ಲಾಸ್ಟಿಕ್ ಕೊಳವೆಯೊಳಗೆ ನುಗ್ಗಿಸಿ ಎತ್ತಿದರೆ ಬೆದರುವುದು ಕಡಿಮೆ. ಒಂದೇ ಕೇಜಿನಲ್ಲಿದ್ದವುಗಳಲ್ಲಿ ಒಂದು ಮಿಕ್ಕವುಗಳ ಮೀಸೆಯನ್ನೂ ಮುಖದ ರೋಮವನ್ನೂ ಕ್ಷೌರಿಕನಂತೆ ಕಿತ್ತು ನುಣ್ಣಗೆ ಮಾಡುತ್ತದೆ, ಹೊಸಬರು ಅದನ್ನು ಚರ್ಮರೋಗವೆಂದು ಗಾಬರಿಪಡುತ್ತಾರೆ. ವಯಸ್ಸಾಗುತ್ತಿದ್ದಂತೆ ಕಿವಿ ಮಂದವಾಗುವುದು ತಳಿಯಲ್ಲೇ ಇರುವ ದೋಷ, ಆದ್ದರಿಂದ ಮುದಿ ಇಲಿಗಳ ಮೇಲೆ ಶಬ್ದ ಬಳಸುವ ಪ್ರಯೋಗಗಳಿಗೆ ಇದು ತಕ್ಕದ್ದಲ್ಲ. ಕೊಬ್ಬಿನ ಆಹಾರ ಕೊಟ್ಟರೆ ಬೇಗ ಬೊಜ್ಜು ಬರುತ್ತದೆ, ನಮಗೆ ಬೇಕಾದದ್ದೇ ಅದು. ನೀರಿನ ಜೊತೆ ಮದ್ಯವನ್ನೂ ಇಟ್ಟರೆ ತಾನಾಗಿಯೇ ಮದ್ಯದ ಕಡೆಗೆ ಹೋಗುವ ತಳಿಯೆಂಬ ಖ್ಯಾತಿಯೂ ಇದಕ್ಕುಂಟು. ಅದನ್ನು ನಾವು ಪರೀಕ್ಷಿಸಲು ಹೋಗಿಲ್ಲ.

ಇನ್ನು ನನ್ನ ಮುಖ್ಯ ತಕರಾರು. ಅದು ಇಲಿಯ ಮೇಲಲ್ಲ, ಅದನ್ನು ಹೆಸರಿಸುವ, ಮಾರುವ, ಕೊಳ್ಳುವ ರೀತಿಯ ಮೇಲೆ. ‘ಬ್ಲ್ಯಾಕ್ ಸಿಕ್ಸ್’ ಎಂಬುದು ಒಂದು ಇಲಿಯಲ್ಲ. ಜಾಕ್ಸನ್ ಪ್ರಯೋಗಾಲಯದಿಂದ 1951ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಹೋದ ಗುಂಪು ಅಲ್ಲಿಯೇ ಪ್ರತ್ಯೇಕವಾಗಿ ಬೆಳೆದು 6ಎನ್ ಎಂಬ ಉಪತಳಿಯಾಯಿತು, ಜಾಕ್ಸನ್‌ನಲ್ಲೇ ಉಳಿದದ್ದು 6ಜೆ. ನೋಡಲು ಎರಡೂ ಒಂದೇ. ಆದರೆ ಕಾಲಕ್ರಮದಲ್ಲಿ 6ಜೆ ಇಲಿ, ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದಲ್ಲಿ ಕೆಲಸ ಮಾಡುವ ಎನ್‌ಎನ್‌ಟಿ ಎಂಬ ಕಿಣ್ವದ ಜೀನ್‌ನಿಂದ ಐದು ತುಂಡುಗಳನ್ನು ಕಳೆದುಕೊಂಡಿತು, ಇದರಿಂದ ಸಕ್ಕರೆಗೆ ಪ್ರತಿಯಾಗಿ ಇನ್ಸುಲಿನ್ ಸುರಿಸುವ ಶಕ್ತಿ ಅದರಲ್ಲಿ ಕುಗ್ಗಿದೆ. 6ಎನ್ ಇಲಿಗೆ ಈ ದೋಷವಿಲ್ಲ, ಬದಲಿಗೆ ಕಣ್ಣಿನ ಅಕ್ಷಿಪಟಲವನ್ನು ಕೆಡಿಸುವ ಆರ್‌ಡಿ8 ಎಂಬ ಬೇರೊಂದು ದೋಷವಿದೆ. ಒಂದು ಮನೆಯ ಅಣ್ಣತಮ್ಮಂದಿರು ಬೇರೆಯಾಗಿ, ಒಬ್ಬನಿಗೆ ಸಕ್ಕರೆ ಕಾಯಿಲೆಯ ಒಲವು, ಇನ್ನೊಬ್ಬನಿಗೆ ಕಣ್ಣಿನ ತೊಂದರೆ ಬಂದ ಹಾಗೆ.

ಇದನ್ನು ನಾನು ಓದಿ ಕಲಿತದ್ದಕ್ಕಿಂತ ಏಟು ತಿಂದು ಕಲಿತದ್ದು ಹೆಚ್ಚು. ಕೆಲವು ವರ್ಷಗಳ ಹಿಂದೆ ನಾವು ಕೊಬ್ಬಿನ ಸಾಗಣೆಗೆ ಸಂಬಂಧಿಸಿದ ಜೀನ್ ಒಂದನ್ನು ತೆಗೆದುಹಾಕಿದ ನಾಕೌಟ್ ಇಲಿಗಳನ್ನು ವಿದೇಶದಿಂದ ತರಿಸಿಕೊಂಡೆವು. ಅವು 6ಎನ್ ಹಿನ್ನೆಲೆಯವು. ಅವುಗಳ ಒಡಹುಟ್ಟಿದ ಮರಿಗಳನ್ನೇ ಹೋಲಿಕೆಗೆ ಇಟ್ಟುಕೊಳ್ಳಬೇಕಾಗಿತ್ತು. ಮರಿಗಳ ಸಂಖ್ಯೆ ಸಾಲದೆಂದು ಅವಸರಪಟ್ಟು, ಒಬ್ಬ ಸರಬರಾಜುದಾರರಿಂದ ಸಾಮಾನ್ಯ ಬ್ಲ್ಯಾಕ್ ಸಿಕ್ಸ್ ಇಲಿಗಳನ್ನು ಕೊಂಡೆವು. ಬಂದ ಡಬ್ಬಿಗಳ ಮೇಲಿನ ಚೀಟಿಯಲ್ಲಿ ‘ಸಿ57ಬಿಎಲ್/6’ ಎಂದಷ್ಟೇ ಇತ್ತು, ಮುಂದಿನ ಅಕ್ಷರವಿರಲಿಲ್ಲ. ಯಾರೂ ಕೇಳಲಿಲ್ಲ, ನಾನಂತೂ ಕೇಳಲಿಲ್ಲ.

ಸಕ್ಕರೆ ಸಹಿಷ್ಣುತೆಯ ಪರೀಕ್ಷೆಯಲ್ಲಿ ಇಲಿಗಳನ್ನು ಕೆಲವು ಗಂಟೆ ಉಪವಾಸವಿಟ್ಟು, ಗ್ಲೂಕೋಸ್ ಚುಚ್ಚಿ, ಬಾಲದ ತುದಿಯಿಂದ ಒಂದೊಂದು ಹನಿ ರಕ್ತವನ್ನು 15, 30, 60, 120 ನಿಮಿಷಗಳಿಗೆ ಮನೆಯಲ್ಲಿ ಬಳಸುವಂಥದೇ ಗ್ಲೂಕೋಮೀಟರಿನ ಪಟ್ಟಿಗೆ ಮುಟ್ಟಿಸುತ್ತಾರೆ. ನಮ್ಮ ನಾಕೌಟ್ ಇಲಿಗಳ ಸಕ್ಕರೆ ಎರಡು ಗಂಟೆಯೊಳಗೆ ತಹಬಂದಿಗೆ ಬರುತ್ತಿತ್ತು, ಕೊಂಡು ತಂದ ಇಲಿಗಳದ್ದು ಮೇಲೆಯೇ ನಿಂತಿರುತ್ತಿತ್ತು. ಈ ಜೀನ್ ತೆಗೆದರೆ ಸಕ್ಕರೆ ಹತೋಟಿಗೆ ಬರುತ್ತದೆ, ಅದರಿಂದ ಗೆಡ್ಡೆಯ ಬೆಳವಣಿಗೆಯೂ ತಗ್ಗಬಹುದು ಎಂದು ನಾವು ಪೋಸ್ಟರನ್ನೂ ಸಿದ್ಧಪಡಿಸಿದೆವು. ಏಳು ತಿಂಗಳಾದ ಮೇಲೆ ಒಬ್ಬ ವಿದ್ಯಾರ್ಥಿನಿಗೆ ಸಂಶಯ ಬಂದು ಎಲ್ಲ ಇಲಿಗಳ ಕಿವಿಯ ಚೂರುಗಳಿಂದ ಎನ್‌ಎನ್‌ಟಿ ಜೀನ್ ಪರೀಕ್ಷಿಸಿದಾಗ, ಕೊಂಡು ತಂದವೆಲ್ಲ 6ಜೆ ಎಂದು ಗೊತ್ತಾಯಿತು. ನಾವು ಅಳೆದದ್ದು ನಮ್ಮ ಜೀನ್‌ನ ಪ್ರಭಾವವನ್ನಲ್ಲ, ಎರಡು ಉಪತಳಿಗಳ ನಡುವೆ ಮೊದಲಿನಿಂದಲೂ ಇದ್ದ ಅಂತರವನ್ನು. ಬೆಟ್ಟ ಅಗೆದು ಇಲಿ ಹಿಡಿದೆವೆಂದು ನಗುವಂತೆಯೂ ಇರಲಿಲ್ಲ, ಹಿಡಿದ ಇಲಿಯೇ ಬೇರೆಯಾಗಿತ್ತು. ಚೀಟಿ ಬರೆದವರದು ಅರ್ಧ ತಪ್ಪಾದರೆ ಓದದೆ ಸಹಿ ಹಾಕಿದ ನನ್ನದು ಉಳಿದರ್ಧ.

ತಳಿಯ ಹಿನ್ನೆಲೆ ಎಷ್ಟರಮಟ್ಟಿಗೆ ಫಲಿತಾಂಶವನ್ನು ತಿರುಗಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಘನವಾದ ಉದಾಹರಣೆ ಪಿಡಿ-1. ಇಂದು ಅನೇಕ ಕ್ಯಾನ್ಸರ್‌ಗಳಿಗೆ ಕೊಡುವ, ದೇಹದ ರೋಗನಿರೋಧಕ ವ್ಯವಸ್ಥೆಯನ್ನೇ ಗೆಡ್ಡೆಯ ಮೇಲೆ ಛೂಬಿಡುವ ಇಮ್ಯುನೊಥೆರಪಿಯ ಗುರಿಗಳಲ್ಲಿ ಮುಖ್ಯವಾದ ಈ ಪ್ರೋಟೀನಿನ ಜೀನ್ ಅನ್ನು ಕ್ಯೋಟೊದ ತಸುಕು ಹೊಂಜೊ ಅವರ ತಂಡ ಕಪ್ಪು ಇಲಿಗಳಲ್ಲಿ ತೆಗೆದಾಗ, ರೋಗನಿರೋಧಕ ವ್ಯವಸ್ಥೆ ತನ್ನ ದೇಹದ ಮೇಲೆಯೇ ತಿರುಗಿಬೀಳುವ ಲೂಪಸ್ ಕಾಯಿಲೆಯನ್ನು ಹೋಲುವ ಮೂತ್ರಪಿಂಡದ ಕಾಯಿಲೆಯೂ ಸಂಧಿವಾತವೂ ಬಂದವು, ಈ ವರದಿ 1999ರದು. ಅದೇ ಜೀನ್ ಅನ್ನು ಬಾಲ್ಬ್/ಸಿ ಎಂಬ ಬಿಳಿ ಇಲಿಗಳಲ್ಲಿ ತೆಗೆದಾಗ ಹೃದಯ ಹಿಗ್ಗಿ ಇಲಿಗಳು ಸತ್ತವು, ಅದು 2001ರ ವರದಿ. ಒಂದೇ ತಳಿಯಲ್ಲಿ ನೋಡಿ ನಿಲ್ಲಿಸಿದ್ದರೆ ಹೃದಯದ ಸುಳಿವೇ ಸಿಗುತ್ತಿರಲಿಲ್ಲ. ಹೊಂಜೊ ಅವರು ಜೇಮ್ಸ್ ಆಲಿಸನ್ ಅವರೊಡನೆ 2018ರ ನೊಬೆಲ್ ಪಡೆದ ಸುದ್ದಿ ಎಲ್ಲರಿಗೂ ಗೊತ್ತು, ತಳಿ ಬದಲಾದಾಗ ಕಾಯಿಲೆಯೂ ಬದಲಾದ ಈ ಸಂಗತಿ ತರಗತಿಗಳಲ್ಲಿ ಅಪರೂಪಕ್ಕೂ ಬರುವುದಿಲ್ಲ.

ಮನುಷ್ಯನಿಗೆ ಈ ಇಲಿ ಎಷ್ಟು ಹತ್ತಿರ? 2002ರ ಡಿಸೆಂಬರಿನಲ್ಲಿ ಪ್ರಕಟವಾದ ಇಲಿಯ ಜೀನೋಮ್, ಅಂದರೆ ಅದರ ಪೂರ್ಣ ಡಿಎನ್‌ಎ ಪಾಠ, ಈ ತಳಿಯದೇ, ಹೆಣ್ಣಿಲಿಯದು. ಇಲಿಯ ಜೀನ್‌ಗಳಲ್ಲಿ ಸುಮಾರು 99% ಜೀನ್‌ಗಳಿಗೆ ಮನುಷ್ಯನಲ್ಲಿ ಬಂಧುಗಳಿವೆಯೆಂದು ಅದರಲ್ಲಿ ಕಂಡುಬಂತು. ಜಾಹೀರಾತಿಗೆ ಈ ಸಂಖ್ಯೆ ಸೊಗಸು. ಆದರೆ 25 ಗ್ರಾಂ ತೂಗುವ, ಎರಡೂವರೆ ವರ್ಷ ಬದುಕುವ ಜೀವಿಯ ಕ್ಯಾನ್ಸರ್ ಮನುಷ್ಯನ ಕ್ಯಾನ್ಸರಿನ ಪಡಿಯಚ್ಚಲ್ಲ: ಗೆಡ್ಡೆ ಬೆಳೆಯದಂತೆ ತಡೆಯುವ ಪಿ53 ಜೀನ್ ಇಲ್ಲದ ಇಲಿಗಳಿಗೆ ಬರುವುದು ಮುಖ್ಯವಾಗಿ ಲಿಂಫೋಮ (ದುಗ್ಧಕೋಶಗಳ ಕ್ಯಾನ್ಸರ್) ಮತ್ತು ಸಾರ್ಕೋಮ (ಮೂಳೆ, ಸ್ನಾಯುಗಳಂಥ ಅಂಗಾಂಶದ ಕ್ಯಾನ್ಸರ್), ಮುದಿ ಮನುಷ್ಯನಿಗೆ ಹೆಚ್ಚಾಗಿ ಬರುವುದು ಅಂಗಗಳ ಒಳಪದರದಲ್ಲಿ ಹುಟ್ಟುವ ಕಾರ್ಸಿನೋಮ. 1990ರ ದಶಕದಲ್ಲಿ ಅಮೆರಿಕದ ವೈದ್ಯವಿಜ್ಞಾನಿ ಜೂಡಾ ಫೋಕ್‌ಮನ್ ಅವರ ತಂಡ, ಗೆಡ್ಡೆಗೆ ರಕ್ತನಾಳ ಬೆಳೆಯದಂತೆ ತಡೆಯುವ ಎಂಡೊಸ್ಟಾಟಿನ್ ಎಂಬ ಪ್ರೋಟೀನ್ ಕೊಟ್ಟು ಕಪ್ಪು ಇಲಿಗಳ ಲೂಯಿಸ್ ಗೆಡ್ಡೆಗಳನ್ನು ಕುಗ್ಗಿಸಿದಾಗ ಪತ್ರಿಕೆಗಳು ಕ್ಯಾನ್ಸರ್ ಗೆದ್ದೇಬಿಟ್ಟಂತೆ ಬರೆದವು. ಇಲಿಗಳಿಗಾದರೆ ನಾವು ಚೆನ್ನಾಗಿ ಚಿಕಿತ್ಸೆ ಮಾಡಬಲ್ಲೆವು ಎಂಬರ್ಥದ ಮಾತನ್ನು ಸ್ವತಃ ಫೋಕ್‌ಮನ್ ಅವರೇ ಹೇಳಿ ಎಚ್ಚರಿಸಿದರು, ಅಮೆರಿಕದ ರೋಗಿಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಆ ನಿರೀಕ್ಷೆ ಕೈಗೂಡಲಿಲ್ಲ.

ಸಾಕುವ ವಿಧಾನದಲ್ಲೂ ಎಡವಟ್ಟುಗಳಿವೆ. ಇಲಿಗೆ ಹಿತವೆನಿಸುವ ಉಷ್ಣತೆ ಸುಮಾರು 30 ಡಿಗ್ರಿ, ನಾವು ಅದನ್ನು ಹವಾನಿಯಂತ್ರಿತ ಕೋಣೆಯಲ್ಲಿ 22 ಡಿಗ್ರಿಯಲ್ಲಿ ಇಡುತ್ತೇವೆ. ಬೆಳಿಗ್ಗೆ ಹೋಗಿ ನೋಡಿದರೆ ಕೊಟ್ಟ ಕಾಗದದ ಎಳೆಗಳನ್ನೆಲ್ಲ ಒಂದು ಮೂಲೆಗೆ ಒಟ್ಟಿ ಗೂಡು ಹೆಣೆದು ಕೇಜಿನ ಇಲಿಗಳೆಲ್ಲ ಒಂದರ ಮೇಲೊಂದು ಬಿದ್ದು ಮಲಗಿರುತ್ತವೆ. ಹೀಗೆ ಚಳಿಯಲ್ಲಿ ಸಾಕಿದ ಇಲಿಗಳಲ್ಲಿ ಗೆಡ್ಡೆಯ ವಿರುದ್ಧ ರೋಗನಿರೋಧಕ ಕೋಶಗಳ ಹೋರಾಟ ತಗ್ಗುತ್ತದೆಂದು 2013ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಸ್‌ವೆಲ್ ಪಾರ್ಕ್ ಸಂಸ್ಥೆಯವರು ತೋರಿಸಿದರು. ಅತಿ ಶುಚಿಯೂ ಒಂದು ಕೊರತೆಯೇ: ಸೋಂಕಿಲ್ಲದ ಕೇಜಿನಲ್ಲಿ ಬೆಳೆದ ಇಲಿಯ ರೋಗನಿರೋಧಕ ವ್ಯವಸ್ಥೆ ನವಜಾತ ಶಿಶುವಿನದನ್ನು ಹೋಲುತ್ತದೆ, ಪೆಟ್ ಅಂಗಡಿಯ ಇಲಿಯ ಜೊತೆ ಬಿಟ್ಟರೆ ವಯಸ್ಕ ಮನುಷ್ಯನದರ ಕಡೆಗೆ ಸರಿಯುತ್ತದೆ ಎಂದು 2016ರ ಅಧ್ಯಯನವೊಂದು ಕಂಡಿತು.

ಇಷ್ಟಾದರೂ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಇಷ್ಟು ವಿವರವಾಗಿ ದಾಖಲಾದ ಪ್ರಯೋಗಾಲಯದ ಸಸ್ತನಿ ಬಹುಶಃ ಬೇರೊಂದಿಲ್ಲ, ತನ್ನ ಇಲಿ ಕಾಲ ಕಳೆದಂತೆ ಬೇರೆಯಾಗದಿರಲೆಂದು ಜಾಕ್ಸನ್ ಪ್ರಯೋಗಾಲಯ ಹೆಪ್ಪುಗಟ್ಟಿಸಿಟ್ಟ ಭ್ರೂಣಗಳಿಂದ ಐದು ತಲೆಮಾರಿಗೊಮ್ಮೆ ತಳಿಯನ್ನು ಹೊಸದಾಗಿಸುತ್ತದೆ. ನಮ್ಮಲ್ಲಿ ಕೊಂಡು ಒಂದೇ ಕಾಲೊನಿಯಲ್ಲಿ ವರ್ಷಗಟ್ಟಲೆ ಕೂಡಿಸುತ್ತ ಹೋಗುವ ಅಭ್ಯಾಸ ಈ ಶ್ರಮವನ್ನು ನೀರಿಗೆ ಹಾಕುತ್ತದೆ. ಮೂಲದಿಂದ 20 ತಲೆಮಾರು ದೂರವಾದದ್ದನ್ನು ನಿಯಮದಂತೆ ಬೇರೆ ಉಪತಳಿಯೆಂದೇ ಕರೆಯಬೇಕು. ಬೊಜ್ಜು, ಗೆಡ್ಡೆಯ ಕಸಿ, ನಾಕೌಟ್ ಕೆಲಸಗಳಿಗೆ ಕೊಳ್ಳಿ. ಮಧುಮೇಹಕ್ಕೆ 6ಜೆ, ಕಣ್ಣಿಗೆ 6ಎನ್ ಕೊಳ್ಳುವ ಮುನ್ನ ಎರಡು ಸಲ ಯೋಚಿಸಿ. ಹೋಲಿಕೆಗೆ ಒಡಹುಟ್ಟಿದ ಮರಿಗಳನ್ನೇ ಬಳಸಿ, ಪ್ರಾಣಿ ನೀತಿ ಸಮಿತಿಗೆ ಕೊಡುವ ಅರ್ಜಿಯಲ್ಲೇ ಅದಕ್ಕೆ ಬೇಕಾದ ಸಂಖ್ಯೆಯನ್ನು ಕೇಳಿಕೊಳ್ಳಿ.

ನಮ್ಮ ಕೇಜ್ ಕಾರ್ಡುಗಳಲ್ಲಿ ಈಗ ತಳಿಯ ಹೆಸರಿನ ಮುಂದೆ ಕೊನೆಯ ಅಕ್ಷರಕ್ಕೆಂದೇ ಒಂದು ಚೌಕ ಮುದ್ರಿಸಿದ್ದೇವೆ. ಅದು ಖಾಲಿಯಿದ್ದರೆ ಡಬ್ಬಿಯನ್ನು ಕ್ವಾರಂಟೈನ್ ಕೋಣೆಯಲ್ಲೇ ಇಟ್ಟು ಕಿವಿಯ ಚೂರನ್ನು ಎನ್‌ಎನ್‌ಟಿ ಪರೀಕ್ಷೆಗೆ ಕಳುಹಿಸುತ್ತೇವೆ. ಫಲಿತಾಂಶ ಬರಲು ಎರಡು ದಿನ.