ಪ್ರಿಂಟ್ ಚೆನ್ನಾಗಿದೆ ಅಂತ ನಂಬಿ ಕೆಟ್ಟೆ

ಸಂಶೋಧನಾ ಲೇಖನವನ್ನು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸುವವರು ದಯವಿಟ್ಟು ಓದಿ. ನನ್ನ ಲೇಖನ ವಾಪಸ್ ಬಂತು. ಬರೆದದ್ದರ ಬಗ್ಗೆ ಸಂಪಾದಕರಿಗೆ ತಕರಾರಿರಲಿಲ್ಲ. ಕೆಡಿಸಿದ್ದು ಫಾರ್ಮ್ಯಾಟಿಂಗ್.

ಬೇಂದ್ರೆ ಮತ್ತು ಅಡಿಗರ ಕವಿತೆಗಳಲ್ಲಿ ಮಳೆ ಹೇಗೆ ಬರುತ್ತದೆ ಅಂತ 14 ಪುಟ ಬರೆದಿದ್ದೆ. ಕೈಬರಹದ ಪ್ರತಿಯನ್ನು ಹಾಸ್ಟೆಲ್ ಎದುರಿನ ಅಂಗಡಿಗೆ ಕೊಟ್ಟೆ. "ಎಲ್ಲಾರ ಥೀಸಿಸ್‌ಗೂ ಇದೇ ಫಾಂಟು ಸರ್, ಏನೂ ತೊಂದ್ರೆ ಆಗಲ್ಲ" ಅಂದ ಹುಡುಗ. ಪ್ರಿಂಟ್ ಮುದ್ದಾಗಿ ಬಂತು. ಫೈಲ್ ತಗೊಂಡು ಪತ್ರಿಕೆಗೆ ಮೇಲ್ ಮಾಡಿದೆ.

ಮೂರನೇ ದಿನ ಉತ್ತರ. "ಫೈಲ್ ತೆರೆದರೆ ಓದಲು ಆಗುತ್ತಿಲ್ಲ, ಯೂನಿಕೋಡ್‌ನಲ್ಲಿ ಕಳಿಸಿ." ಜೊತೆಗೆ ಅವರ ಪರದೆಯ ಚಿತ್ರ. "ಕನ್ನಡ" ಅಂತ ಇರಬೇಕಾದ ಕಡೆ ಒಂದು ಇಂಗ್ಲಿಷ್ ಪಿ, ತಲೆ ಮೇಲೆ ಗೀಟು ಇರುವ ಎ, ಆಮೇಲೆ ಪೌಂಡಿನ ಗುರುತು! ಹಳೆಯ ಆಸ್ಕಿ ಫಾಂಟುಗಳ ಗುಟ್ಟೇ ಇದು. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ ಅಷ್ಟೆ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಅಕ್ಷರಕ್ಕೆ ಅದರದ್ದೇ ಸಂಕೇತ ಇರುತ್ತದೆ. ಕನ್ನಡ ಯೂನಿಕೋಡ್ ಸೇರಿದ್ದು 1991ರಲ್ಲಿ. ನಾವಿನ್ನೂ ಇಲ್ಲೇ ಇದ್ದೀವಿ.

ಅಂಗಡಿಯಲ್ಲಿ ಬಳಸಿದ್ದ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶವನ್ನು ಬೈಯಬೇಡಿ. ಅದರಲ್ಲಿ ಯೂನಿಕೋಡ್ ಕೂಡ ಇದೆ. ಆರಿಸಿಕೊಳ್ಳಬೇಕಿತ್ತು, ನಾನು ಕೇಳಲೇ ಇಲ್ಲ.

ಸರಿ, ಆಸ್ಕಿಯನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಫೈಲ್ ಹಾಕಿದೆ. ಕನ್ನಡ ಬಹುಪಾಲು ಸರಿಯಾಯಿತು. ಆದರೆ ಗ್ರಂಥಋಣದ ಪಟ್ಟಿಯಲ್ಲಿದ್ದ ಇಂಗ್ಲಿಷ್ ಪುಸ್ತಕಗಳ ಹೆಸರನ್ನೂ ಅದು ಕನ್ನಡ ಅಂತಲೇ ತಿಳಿದು ಅರ್ಥವಿಲ್ಲದ ಒತ್ತಕ್ಷರ ಮಾಡಿಟ್ಟಿತ್ತು. ಎಲ್ಲವನ್ನೂ ಕೈಯಾರೆ ಮತ್ತೆ ಟೈಪ್ ಮಾಡಿದೆ. ಆಗಲೇ ಇನ್ನೊಂದು ತಪ್ಪು ಕಣ್ಣಿಗೆ ಬಿತ್ತು. ಅಂಗಡಿಯ ಹುಡುಗ ಪಟ್ಟಿಯನ್ನು ವರ್ಡ್‌ನ ಸಾರ್ಟ್ ಬಟನ್ ಒತ್ತಿ ಜೋಡಿಸಿದ್ದ. ಒಳಗಿದ್ದದ್ದು ಚಿಹ್ನೆಗಳು ಅಲ್ವಾ, ವರ್ಡ್ ಚಿಹ್ನೆಗಳನ್ನೇ ಮೊದಲು ಇಡುತ್ತದೆ. ಹಾಗಾಗಿ ಬೇಂದ್ರೆ ಅಡಿಗರಿಗಿಂತ ಮೇಲೆ ಕೂತಿದ್ದರು! ಪ್ರಿಂಟ್ ನೋಡಿ ಮೆಚ್ಚಿದ ನನಗೆ ಇದು ಕಂಡಿರಲೇ ಇಲ್ಲ.

ನಿಜವಾದ ಏಟು ಬಿದ್ದದ್ದು ಅಡಿಟಿಪ್ಪಣಿಯಲ್ಲಿ. ಅವನು ಅಂಕಿಗಳನ್ನು ಸುಮ್ನೆ ಟೈಪ್ ಮಾಡಿ ಸಣ್ಣದಾಗಿಸಿ ಮೇಲೆ ಎತ್ತಿದ್ದ. ಪುಟದ ಕೆಳಗಿನ ಟಿಪ್ಪಣಿಗಳೂ ಹಾಗೇ, ಎಂಟರ್ ಒತ್ತಿ ಒತ್ತಿ ಕೆಳಕ್ಕೆ ತಳ್ಳಿದವು. ಫಾಂಟು ಬದಲಾಗುತ್ತಲೇ ಪುಟಗಳು ಜರುಗಿದವು. 6ನೇ ಪುಟದ ಟಿಪ್ಪಣಿ 7ನೇ ಪುಟದ ನಡುವೆ ಬಂದು ನಿಂತಿತು. ಅದು ಸಾಲದು ಅಂತ ನಾನು ಹೊಸದೊಂದು ಟಿಪ್ಪಣಿ ಸೇರಿಸಿದೆ, 9ನೆಯದು. ಅಲ್ಲಿಂದ ಮುಂದಿನ ಅಂಕಿಗಳನ್ನೆಲ್ಲ ರಾತ್ರಿ ಕೂತು ತಿದ್ದಿದೆ. ಒಂದನ್ನು ಬಿಟ್ಟೆ. ಅಡಿಗರ ಸಾಲಿಗೆ ಬೇಂದ್ರೆಯವರ ಸಂಕಲನದ ಪುಟಸಂಖ್ಯೆ ಅಂಟಿಕೊಂಡಿತು.

ಹಾಗೇ ಮತ್ತೆ ಕಳಿಸಿದೆ. ಪತ್ರಿಕೆಯ ಪರಿಶೀಲಕರು ಬರೆದದ್ದು ಎರಡೇ ಸಾಲು: "ಆಕರಗಳು ತಪ್ಪಾಗಿವೆ. ಲೇಖಕರು ಮೂಲವನ್ನು ನೋಡಿದಂತೆ ಕಾಣುವುದಿಲ್ಲ." ಎರಡೂ ಸಂಕಲನಗಳನ್ನು ಹಾಳೆ ಸವೆಯುವಷ್ಟು ಓದಿದ್ದೆ. ಏನಂತ ಹೇಳಲಿ?

ವರ್ಡ್‌ನಲ್ಲಿ ಕಂಟ್ರೋಲ್, ಆಲ್ಟ್, ಎಫ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅಡಿಟಿಪ್ಪಣಿ ತಾನಾಗಿಯೇ ಬರುತ್ತದೆ. ನಡುವೆ ಎಷ್ಟು ಸೇರಿಸಿದರೂ ಅಂಕಿ ತಾನೇ ಸರಿಹೋಗುತ್ತದೆ. ಹೊಸ ಪುಟ ಬೇಕಾದರೆ ಕಂಟ್ರೋಲ್ ಜೊತೆ ಎಂಟರ್. ಇಷ್ಟನ್ನು ನನಗೆ ಎಂ.ಎ.ಯಲ್ಲೂ ಯಾರೂ ಹೇಳಿಕೊಡಲಿಲ್ಲ, ಪಿಎಚ್.ಡಿ. ಕೋರ್ಸ್‌ವರ್ಕ್‌ನಲ್ಲೂ ಇಲ್ಲ. ಸಂಶೋಧನಾ ವಿಧಾನ ಅಂತ ಒಂದು ಪೇಪರ್ ಇತ್ತು, ಅದರಲ್ಲಿ ಊಹಾಸಿದ್ಧಾಂತದ ವಿಧಗಳನ್ನು ಬಾಯಿಪಾಠ ಮಾಡಿದ್ದೆವು.

ಈಗ ಅಂಗಡಿಯಿಂದ ಫೈಲ್ ತಗೊಳ್ಳುವಾಗ ದುಡ್ಡು ಕೊಡುವ ಮುಂಚೆ ಅಲ್ಲೇ ನಿಂತು ಒಂದು ಸಾಲು ಕಾಪಿ ಮಾಡಿ, ನನಗೇ ವಾಟ್ಸಾಪ್ ಕಳಿಸಿಕೊಳ್ಳುತ್ತೇನೆ. ಫೋನಿನಲ್ಲಿ ಕನ್ನಡ ಕಂಡರೆ ಸರಿ. ಪೌಂಡಿನ ಗುರುತು ಕಂಡರೆ, "ಯೂನಿಕೋಡ್‌ನಲ್ಲಿ ಮಾಡಿಕೊಡಪ್ಪ" ಅಂತ ಅಲ್ಲೇ ಕುರ್ಚಿ ಎಳೆದು ಕೂರುತ್ತೇನೆ.