ಸೀಲಿಂಗ್ ಕ್ಯಾಸೆಟ್ ಎಸಿ: ತಂಪಿಗೆ ಪೂರ್ತಿ ಅಂಕ, ನೀರಿನ ವಿಷಯ ಮಾತ್ರ ಓದಿಕೊಂಡು ಹಾಕಿಸಿ

ಮಂಗಳೂರಿನ ರಥಬೀದಿ ಹತ್ತಿರ ನಮ್ಮದೊಂದು ಬಟ್ಟೆ ಅಂಗಡಿ. 2019ರಲ್ಲಿ ಎರಡು ಟನ್ನಿನ ಎರಡು ಕ್ಯಾಸೆಟ್ ಎಸಿ, ಅಂದರೆ ಫಾಲ್ಸ್ ಸೀಲಿಂಗ್ ಒಳಗೆ ಕೂರುವ ಎಸಿ, ಹಾಕಿಸಿದೆವು. ಗೋಡೆ ಪೂರ್ತಿ ಕಪಾಟುಗಳೇ ಇರುವುದರಿಂದ ಗೋಡೆಗೆ ಹಾಕುವ ಸ್ಪ್ಲಿಟ್ ಎಸಿಗೆ ಜಾಗವೇ ಇರಲಿಲ್ಲ. ಕಂಪನಿಯ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಇಲ್ಲಿ ಹೇಳುವ ತೊಂದರೆ ಯಾವ ಕಂಪನಿಯ ಕ್ಯಾಸೆಟ್‌ಗೂ ಬರಬಹುದು.

ತಂಪಿನ ಬಗ್ಗೆ ನನಗೆ ಒಂದು ದೂರೂ ಇಲ್ಲ. ನಾಲ್ಕೂ ಕಡೆಗೆ ಗಾಳಿ ಹಂಚಿ ಹೋಗುತ್ತದೆ. ಮೇ ತಿಂಗಳ ಸೆಖೆಯಲ್ಲಿ ಮದುವೆ ಬಟ್ಟೆಗೆ ಬರುವವರು ಆರಾಮವಾಗಿ ಕೂತು ಸೀರೆ ನೋಡುತ್ತಾರೆ. ಶಬ್ದವೂ ಕಡಿಮೆ. ಆದರೆ ಮೊದಲ ಮಳೆಗಾಲದಲ್ಲೇ ಯೂನಿಟ್‌ನಿಂದ ನೀರು ತೊಟ್ಟಿಕ್ಕಲು ಶುರುವಾಯಿತು. ಕೆಳಗೆ ರೇಷ್ಮೆ ಸೀರೆ ಇದ್ದರೆ ಒಂದು ಹನಿಯೂ ನಷ್ಟವೇ ಅಲ್ವಾ?

ಫಿಟ್ಟಿಂಗ್ ಮಾಡಿದವರನ್ನು ಕೇಳಿದರೆ, “ಕರಾವಳಿ ಅಲ್ವಾ ಮೇಡಂ, ಸ್ವಲ್ಪ ನೀರು ಬೀಳ್ತದೆ” ಅಂದರು. ಈ ಮಾತನ್ನು ದಯವಿಟ್ಟು ಯಾರೂ ಒಪ್ಪಬೇಡಿ. ಇಲ್ಲಿಯ ಗಾಳಿಯಲ್ಲಿ ತೇವ ಜಾಸ್ತಿ ಅನ್ನುವುದು ನಿಜ. ಮಳೆಗಾಲದಲ್ಲಿ ಎರಡು ಟನ್ನಿನ ಎಸಿ ಗಂಟೆಗೆ ಎರಡು-ಮೂರು ಲೀಟರ್ ನೀರು ಹಿಂಡಿ ತೆಗೆಯಬಹುದು. ಆದರೆ ಆ ನೀರು ಹೋಗಬೇಕಾದದ್ದು ಪೈಪಿಗೆ, ನಮ್ಮ ತಲೆಯ ಮೇಲೆ ಅಲ್ಲ.

ಕ್ಯಾಸೆಟ್ ಒಳಗೆ ಏನಿದೆ ಅಂತ ತಿಳಿದರೆ ಅರ್ಧ ಸಮಸ್ಯೆ ಅರ್ಥವಾಗುತ್ತದೆ. ತಣ್ಣಗಿನ ಕಾಯಿಲ್ ಮೇಲೆ ಕಟ್ಟುವ ಹನಿಗಳು ಕೆಳಗಿನ ಟ್ರೇಗೆ ಬೀಳುತ್ತವೆ. ಟ್ರೇ ಹೆಚ್ಚಾಗಿ ಥರ್ಮೋಕೋಲ್‌ನದು. ಗೋಡೆಯ ಎಸಿಯಲ್ಲಾದರೆ ನೀರು ತಾನಾಗಿಯೇ ಹೊರಗೆ ಇಳಿದು ಹೋಗುತ್ತದೆ. ಇಲ್ಲಿ ಸಣ್ಣ ಪಂಪ್ ಅದನ್ನು ಮೇಲಕ್ಕೆ ಎತ್ತಿ ಡ್ರೈನ್ ಪೈಪಿಗೆ ದಾಟಿಸಬೇಕು. ಪಂಪ್ ಎತ್ತುವುದು ಸಾಮಾನ್ಯವಾಗಿ 70-80 ಸೆಂ.ಮೀ. ಅಷ್ಟೇ. ಆಮೇಲೆ ಪೈಪಿನ ಇಳಿಜಾರೇ ನೀರನ್ನು ಕೊಂಡೊಯ್ಯಬೇಕು. ಪಂಪ್ ಕೆಟ್ಟು ಟ್ರೇ ತುಂಬಿದರೆ ಫ್ಲೋಟ್ ಸ್ವಿಚ್ ಕೂಲಿಂಗ್ ನಿಲ್ಲಿಸಿ ಎರರ್ ಕೋಡ್ ತೋರಿಸುತ್ತದೆ. ಆಗ ಪದೇ ಪದೇ ಆಫ್-ಆನ್ ಮಾಡಿ ಓಡಿಸಬಾರದು.

ಬಂದರು ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು ನೋಡಿದ ಮೇಲೆಯೇ ನಮಗೆ ಬಿಡುಗಡೆ ಸಿಕ್ಕಿತು. “ಮಿಷನಿಗೆ ಎಂತದೂ ಆಗ್ಲಿಲ್ಲ ಅಕ್ಕ, ಮೊದಲು ಪೈಪ್ ನೋಡುವ” ಅಂತ ಏಣಿ ಹತ್ತಿದರು. ಫಾಲ್ಸ್ ಸೀಲಿಂಗ್ ಒಳಗೆ ಡ್ರೈನ್ ಪೈಪ್ ನಡುವೆ ಜೋತುಬಿದ್ದಿತ್ತು. ಜೋತ ಜಾಗದಲ್ಲಿ ನೀರು ನಿಂತು ಲೋಳೆ ಕಟ್ಟಿತ್ತು. ಒಂದು ಮೀಟರ್ ಉದ್ದಕ್ಕೆ ಕನಿಷ್ಠ ಒಂದು ಸೆಂ.ಮೀ. ಇಳಿಜಾರು ಬೇಕು, ಒಂದೊಂದೂವರೆ ಮೀಟರಿಗೆ ಒಂದು ಕ್ಲಾಂಪ್ ಬೇಕು. ನಮ್ಮದರಲ್ಲಿ ಎರಡೂ ಇರಲಿಲ್ಲ. ಅದರ ಮೇಲೆ ಎರಡೂ ಯೂನಿಟ್‌ಗಳ ನೀರು ಒಂದೇ ಪೈಪಿಗೆ ಸೇರುವ ಕಡೆ ಅಡ್ಡಕ್ಕೆ ಟೀ (T ಆಕಾರದ ಪೈಪ್ ಜೋಡಣೆ) ಹಾಕಿದ್ದರು. ಒಂದರ ಪಂಪ್ ತಳ್ಳಿದ ನೀರು ಇನ್ನೊಂದರ ಕಡೆ ನುಗ್ಗುತ್ತಿತ್ತು. ಇಂಥ ಜೋಡಣೆ ಮುಖ್ಯ ಪೈಪಿನ ಮೇಲ್ಭಾಗದಿಂದ ಇಳಿಯಬೇಕು. ಅವರು ಹಳೆಯ ಪೈಪ್ ಕಿತ್ತು, ರಸಮಟ್ಟ ಇಟ್ಟು, ಸ್ವಲ್ಪ ದಪ್ಪದ ಪೈಪ್ ಎಳೆದರು. ಟ್ರೇಯಿಂದ ದಳದಳ ಸುರಿಯುವುದು ಅಂದಿಗೇ ನಿಂತಿತು.

ಆದರೂ ಆಟಿ ತಿಂಗಳ (ಜುಲೈ-ಆಗಸ್ಟ್) ಜಡಿಮಳೆಯಲ್ಲಿ ಯೂನಿಟ್‌ನಿಂದ ಸುಮಾರು ದೂರದಲ್ಲಿ ಜಿಪ್ಸಂ ಸೀಲಿಂಗ್ ಮೇಲೆ ಕಂದು ಕಲೆ ಮೂಡತೊಡಗಿತು. ಪೈಪ್ ಒಡೆದಿರಲಿಲ್ಲ, ಅದು ಬೆವರುತ್ತಿತ್ತು. ಹೊರಗೆ 28 ಡಿಗ್ರಿ ಉಷ್ಣತೆ, ಶೇ. 90 ತೇವ ಇದ್ದಾಗ, 26 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲೂ ಹನಿ ಕಟ್ಟುತ್ತದೆ. ಎಸಿಯಿಂದ ಬರುವ ನೀರು ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ತಾಮ್ರದ ಪೈಪಿಗೆ ಕಪ್ಪು ರಬ್ಬರ್ ಇನ್ಸುಲೇಶನ್ ಸುತ್ತಿದವರು ಡ್ರೈನ್ ಪೈಪನ್ನು ಬರಿಮೈಯಲ್ಲಿ ಬಿಟ್ಟಿದ್ದರು. ಹಳೆಯ ಕಟ್ಟಡವಾದ್ದರಿಂದ ಸೀಲಿಂಗ್ ಮೇಲಿನ ಸಂದಿಗೆ ಹೊರಗಿನ ಹಸಿಗಾಳಿ ಸಲೀಸಾಗಿ ಬರುತ್ತದೆ. ಡ್ರೈನ್ ಪೈಪಿಗೂ ಇನ್ಸುಲೇಶನ್ ಸುತ್ತಿ, ಜೋಡಣೆಗಳಿಗೆ ಸರಿಯಾಗಿ ಟೇಪ್ ಹಾಕಿದ ಮೇಲೆ ಹೊಸ ಕಲೆ ಬಂದಿಲ್ಲ. ಕರಾವಳಿಯಲ್ಲಿ ಎಸಿ ಹಾಕುವ ಪ್ರತಿಯೊಬ್ಬರೂ ಇದನ್ನು ಕೇಳದೆಯೇ ಮಾಡಬೇಕು. ಮಾಡುವುದಿಲ್ಲ ಅನ್ನುವುದೇ ನನ್ನ ಸಿಟ್ಟು.

ಗಾಳಿ ಹೊರಬರುವ ರೆಕ್ಕೆಗಳ ಅಂಚಿನಲ್ಲಿ ಮಾತ್ರ ಸಾಲಾಗಿ ಹನಿ ನಿಂತರೆ ಅದೂ ಬೆವರೇ. ಬಾಗಿಲು ತೆರೆದಿಟ್ಟು, 18ಕ್ಕೆ ಇಟ್ಟು, ಫ್ಯಾನ್ ಕಡಿಮೆ ಮಾಡಿದರೆ ಹೀಗಾಗುತ್ತದೆ. ನಾವು ಮಳೆಗಾಲದಲ್ಲಿ 25ಕ್ಕೆ ಇಟ್ಟು ಫ್ಯಾನ್ ಜಾಸ್ತಿ ಮಾಡುತ್ತೇವೆ, ಗಾಜಿನ ಬಾಗಿಲಿಗೆ ಡೋರ್ ಕ್ಲೋಸರ್ ಹಾಕಿಸಿದ್ದೇವೆ. ಇದಕ್ಕೆ ಮೆಕ್ಯಾನಿಕ್ ಬೇಕಿಲ್ಲ.

ಬೇಸಿಗೆಯಲ್ಲಿ ಸೋರಿದರೆ ಕಾರಣ ಬೇರೆ. ಬಟ್ಟೆ ಅಂಗಡಿಯಲ್ಲಿ ನೂಲಿನ ಧೂಳು ಬಹಳ. ಫಿಲ್ಟರ್ ಮುಚ್ಚಿಹೋಗಿ ಗಾಳಿ ಕಡಿಮೆಯಾದರೆ ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ. ಆಫ್ ಮಾಡಿದ ಮೇಲೆ ಅದು ಕರಗಿ ಟ್ರೇ ಆಚೆಗೂ ಬೀಳುತ್ತದೆ. ಗ್ಯಾಸ್ ಕಡಿಮೆಯಾದರೂ ಇದೇ ಲಕ್ಷಣ, ಜೊತೆಗೆ ತಂಪೂ ಕಡಿಮೆ. ಗ್ಯಾಸ್ ಸುಮ್ನೆ ಖರ್ಚಾಗುವ ವಸ್ತು ಅಲ್ಲ. ವರ್ಷ ವರ್ಷ ತುಂಬಿಸಿ ಎನ್ನುವವರಿಗೆ, ಎಲ್ಲಿ ಸೋರುತ್ತಿದೆ ಎಂದು ಮೊದಲು ತೋರಿಸಲು ಹೇಳಿ. ಉಪ್ಪುಗಾಳಿಗೆ ಕಾಯಿಲ್‌ನಲ್ಲಿ ಸಣ್ಣ ತೂತು ಬೀಳುವುದು ನಮ್ಮ ಕಡೆ ಇರುವುದೇ.

ಕರೆಂಟ್ ಹೋದ ಕೂಡಲೇ ನೀರು ಬಿದ್ದರೆ ಪಂಪ್ ನಂತರದ ಪೈಪ್ ನೋಡಿಸಿ. ಸಾಮಾನ್ಯವಾಗಿ ಎಸಿ ಆಫ್ ಮಾಡಿದ ಮೇಲೂ ಪಂಪ್ ಕೆಲವು ನಿಮಿಷ ಓಡಿ ಟ್ರೇ ಖಾಲಿ ಮಾಡುತ್ತದೆ. ಕರೆಂಟೇ ಇಲ್ಲದಿದ್ದರೆ ಅದು ಆಗುವುದಿಲ್ಲ, ಮೇಲಕ್ಕೆ ಹತ್ತಿದ ನೀರೂ ಟ್ರೇಗೆ ವಾಪಸ್ ಬರುತ್ತದೆ. ಮೇಲೆ ಹೋಗುವ ಪೈಪ್ ಯೂನಿಟ್‌ಗೆ ಹತ್ತಿರವೇ ನೆಟ್ಟಗೆ ಇದ್ದರೆ ವಾಪಸ್ ಬರುವ ನೀರು ಸ್ವಲ್ಪ, ಟ್ರೇ ತಡೆದುಕೊಳ್ಳುತ್ತದೆ. ದೂರ ಅಡ್ಡಲಾಗಿ ಓಡಿ ಆಮೇಲೆ ಹತ್ತಿದರೆ ತಡೆಯುವುದಿಲ್ಲ.

ನಿರ್ವಹಣೆ ಖರ್ಚು ಸ್ಪ್ಲಿಟ್‌ಗಿಂತ ಜಾಸ್ತಿ ಅನ್ನುವುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಪ್ಯಾನೆಲ್ ಬಿಚ್ಚಿ, ಟ್ರೇ ಇಳಿಸಿ, ಪಂಪಿನ ಬಾಯಿಯ ಲೋಳೆ ತೆಗೆಯಲು ಇಬ್ಬರು ಬೇಕು. ನಾವು ಇದನ್ನು ಮೇ ಕೊನೆಗೆ, ಮಳೆಗೆ ಮುಂಚೆ ಮಾಡಿಸುತ್ತೇವೆ. ಫಿಲ್ಟರನ್ನು ಅಂಗಡಿಯ ಹುಡುಗರೇ ತೊಳೆಯುತ್ತಾರೆ. ಡ್ರೈನ್ ಶುದ್ಧ ಮಾಡಲು ಆಸಿಡ್ ಸುರಿಯಲು ಬಂದವರನ್ನು ನಾನು ವಾಪಸ್ ಕಳಿಸಿದ್ದೇನೆ. ತಾಮ್ರ, ಅಲ್ಯುಮಿನಿಯಂ ಎರಡಕ್ಕೂ ಅದು ಕೆಟ್ಟದ್ದು.

ಮನೆಗೆ, ಗೋಡೆಯಲ್ಲಿ ಜಾಗ ಇರುವವರಿಗೆ ನಾನು ಕ್ಯಾಸೆಟ್ ಹೇಳುವುದಿಲ್ಲ. ಅಂಗಡಿ, ಕ್ಲಿನಿಕ್, ಸಣ್ಣ ಹಾಲ್ ಇದ್ದರೆ ಖಂಡಿತ ತೆಗೆದುಕೊಳ್ಳಿ, ನಾನೂ ಮತ್ತೆ ಇದನ್ನೇ ಕೊಳ್ಳುತ್ತೇನೆ. ಕೊಟೇಶನ್‌ನಲ್ಲಿ ಡ್ರೈನ್ ಪೈಪಿನ ಇನ್ಸುಲೇಶನ್, ಕ್ಲಾಂಪ್, ಇಳಿಜಾರು, ಇನ್ನು ಪಂಪ್ ಬಿಚ್ಚಲು ಯೂನಿಟ್ ಪಕ್ಕದಲ್ಲಿ ತೆರೆಯುವ ಬಾಗಿಲು, ಎಲ್ಲವನ್ನೂ ಬರೆಸಿಕೊಳ್ಳಿ. ಫಾಲ್ಸ್ ಸೀಲಿಂಗ್ ಮುಚ್ಚುವ ಮೊದಲು ಪ್ರತಿ ಯೂನಿಟ್‌ನ ಟ್ರೇಗೆ ಒಂದೆರಡು ಲೀಟರ್ ನೀರು ನಿಧಾನವಾಗಿ ಹಾಕಿಸಿ, ಎಸಿ ಓಡಿಸಿ, ಪೈಪಿನ ಆಚೆ ತುದಿಯಲ್ಲಿ ನೀರು ಬರುವುದನ್ನು ನಿಂತು ನೋಡಿ. ಕೊನೆಯ ಕಂತಿನ ಹಣವನ್ನು ಅದಾದ ಮೇಲೆ ಕೊಡಿ.